ಕಡಿಮೆ ಬಜೆಟ್ಟಿನಲ್ಲಿ ಮನೆಗೊಂದು ಕಂಪ್ಯೂಟರ್: ಬಿಡಿಭಾಗಗಳನ್ನು ಆರಿಸುವುದು ಹೇಗೆ?

"ನಲವತ್ತು ಸಾವಿರದೊಳಗೆ ಮನೆಗೊಂದು ಕಂಪ್ಯೂಟರ್ ಜೋಡಿಸಬೇಕು, ಯಾವ್ಯಾವ ಪಾರ್ಟ್ ತಗೊಳ್ಳಲಿ?" ಕಾಲೇಜು ಶುರುವಾಗುವ ಹೊತ್ತಿಗೂ ದಸರಾ-ದೀಪಾವಳಿ ಆಫರ್‌ಗಳ ಹೊತ್ತಿಗೂ ಓದುಗರಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರಲ್ಲಿ ಬಹಳ ಮಂದಿ ಅಷ್ಟರಲ್ಲಿ ಅಂಗಡಿಯಿಂದ ಒಂದು ಕೊಟೇಶನ್ ಬರೆಸಿಕೊಂಡೇ ಬಂದಿರುತ್ತಾರೆ. ಅದರಲ್ಲಿ ಬರೆದಿರುವುದು ಇಷ್ಟೇ: "ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್." ಯಾವುದಕ್ಕೂ ಮಾಡೆಲ್ ನಂಬರ್ ಇಲ್ಲ.

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಪೂರ್ತಿ ಮಾಡೆಲ್ ನಂಬರ್ ಇಲ್ಲದ ಕೊಟೇಶನ್‌ಗೆ ದುಡ್ಡು ಕೊಡಬೇಡಿ. "ಐ5" ಎಂಬ ಹೆಸರಿನಲ್ಲಿ 2011ರ ಪ್ರೊಸೆಸರೂ ಇದೆ, ಮೊನ್ನೆ ಮೊನ್ನೆಯದೂ ಇದೆ. ಹೆಸರಿನ ಕೊನೆಗೆ ಬರುವ ಒಂದೇ ಒಂದು ಅಕ್ಷರದ ಮೇಲೆ ನಿಮ್ಮ ಪರದೆ ಬೆಳಗುತ್ತದೋ ಇಲ್ಲವೋ ಎಂಬುದು ನಿಂತಿರುತ್ತದೆ. ಆ ನಂಬರ್‌ಗಳನ್ನು ಓದುವುದು ಕಷ್ಟವಲ್ಲ. ಒಂದೊಂದಾಗಿ ನೋಡೋಣ.

ಹಂತ 1: ಕೆಲಸಗಳನ್ನು ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಮನೆಯಲ್ಲಿ ಯಾರು ಏನು ಮಾಡುತ್ತಾರೆ ಎಂದು ಬರೆಯಿರಿ. ಆನ್‌ಲೈನ್ ಪಾಠ, ಎಕ್ಸೆಲ್, ಟ್ಯಾಲಿ, ನುಡಿಯಲ್ಲಿ ಟೈಪಿಂಗ್, ಪೈಥಾನ್ ಕಲಿಕೆ, ಯೂಟ್ಯೂಬ್, ಮೊಬೈಲ್ ಫೋಟೋಗಳನ್ನು ತಿದ್ದುವುದು, ಅಪರೂಪಕ್ಕೆ ಒಂದಿಷ್ಟು ಆಟ: ಇಷ್ಟೇ ಆದರೆ ಪರದೆಗೆ ಚಿತ್ರ ಮೂಡಿಸಲೆಂದೇ ಇರುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ. ಬಜೆಟ್ ಉಳಿಯುವುದೇ ಅಲ್ಲಿ. ಹೊಸ ದೊಡ್ಡ ಆಟಗಳು, ವಿಡಿಯೊ ಎಡಿಟಿಂಗ್‌ನ ದಿನನಿತ್ಯದ ಕೆಲಸ, ತ್ರೀಡಿ ವಿನ್ಯಾಸ ಇದ್ದರೆ ಮಾತ್ರ ಅದು ಬೇಕು, ಆಗ ಬಜೆಟ್ಟೂ ಬೇರೆಯೇ ಆಗುತ್ತದೆ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಕೈಯಲ್ಲಿರುವುದು ಇಪ್ಪತ್ತು-ಇಪ್ಪತ್ತೈದು ಸಾವಿರವಾದರೆ ಹೊಸ ಭಾಗಗಳಿಂದ ಜೋಡಿಸಲು ಹೋಗಬೇಡಿ. ಆ ದುಡ್ಡಿಗೆ ಪ್ರತಿ ಭಾಗದಲ್ಲೂ ರಾಜಿ ಮಾಡಿಕೊಳ್ಳಬೇಕಾಗುತ್ತದೆ. ಅದರ ಬದಲು ಕಂಪನಿಗಳಿಂದ ಹೊರಬಂದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ನಂಥ ಆಫೀಸ್ ಕಂಪ್ಯೂಟರುಗಳನ್ನು ಬಿಲ್ ಮತ್ತು ವಾರಂಟಿ ಸಮೇತ ಕೊಡುವವರಲ್ಲಿ ನೋಡಿ. ಒಳಗಿನ ಪ್ರೊಸೆಸರ್ ಇಂಟೆಲ್ ಕಂಪನಿಯ 8ನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದಾಗಿರಲಿ, ಉದಾಹರಣೆಗೆ ಐ5-8500. ಹಾಗಿದ್ದರೆ ವಿಂಡೋಸ್ 11 ನಡೆಯುತ್ತದೆ.

ಹಂತ 2: ದುಡ್ಡನ್ನು ಪಾಲು ಮಾಡಿ

ಬೆಲೆಗಳು ವಾರವಾರವೂ ಬದಲಾಗುವುದರಿಂದ ರೂಪಾಯಿಗಿಂತ ಪಾಲಿನ ಲೆಕ್ಕ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ. ಮಾನಿಟರ್ ಬಿಟ್ಟು ಬರೀ ಸಿಪಿಯು ಪೆಟ್ಟಿಗೆಗೆ ನೀವು ಇಟ್ಟ ಹಣದಲ್ಲಿ ಪ್ರೊಸೆಸರ್‌ಗೆ ಮೂರನೇ ಒಂದಕ್ಕಿಂತ ಸ್ವಲ್ಪ ಕಡಿಮೆ, ರ‍್ಯಾಮ್‌ಗೆ ನಾಲ್ಕನೇ ಒಂದರ ಸುಮಾರು, ಎಲ್ಲವನ್ನೂ ಜೋಡಿಸುವ ಮದರ್‌ಬೋರ್ಡ್‌ಗೂ ಕಡತ ಉಳಿಸಿಡುವ ಎಸ್‌ಎಸ್‌ಡಿಗೂ ಶೇ. 14ರಂತೆ, ಕರೆಂಟು ಒದಗಿಸುವ ಎಸ್‌ಎಂಪಿಎಸ್‌ಗೆ ಶೇ. 8ರಿಂದ 10, ಉಳಿದದ್ದು ಕ್ಯಾಬಿನೆಟ್‌ಗೆ.

ರ‍್ಯಾಮ್‌ಗೆ ಇಷ್ಟೊಂದು ಪಾಲೇ ಎಂದು ಹಳೆಯ ಲೆಕ್ಕ ಗೊತ್ತಿದ್ದವರಿಗೆ ಅನ್ನಿಸಬಹುದು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು, ಎಸ್‌ಎಸ್‌ಡಿಯೂ ಅದರ ಹಿಂದೆಯೇ ಏರಿತು. ಎರಡು-ಮೂರು ವರ್ಷ ಹಳೆಯ ಯೂಟ್ಯೂಬ್ ವಿಡಿಯೊಗಳಲ್ಲಿ ಹೇಳಿದ ಬೆಲೆಗಳನ್ನು ನಂಬಿ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಡಿ.

ಹಂತ 3: ಪ್ರೊಸೆಸರ್

ಪ್ರೊಸೆಸರ್ ಎಂದರೆ ಲೆಕ್ಕ ಮಾಡುವ ಮುಖ್ಯ ಚಿಪ್. ಒಳಗಿನ ಲೆಕ್ಕದ ಘಟಕಗಳಿಗೆ ಕೋರ್ ಎನ್ನುತ್ತಾರೆ, ಅವು ಏಕಕಾಲಕ್ಕೆ ಹಿಡಿಯಬಲ್ಲ ಕೆಲಸದ ಎಳೆಗಳಿಗೆ ಥ್ರೆಡ್ ಎನ್ನುತ್ತಾರೆ. ಮನೆಯ ಕೆಲಸಕ್ಕೆ 4 ಕೋರ್, 8 ಥ್ರೆಡ್ ಸಾಕು. 6 ಕೋರ್, 12 ಥ್ರೆಡ್ ಇದ್ದರೆ ನಾಲ್ಕೈದು ವರ್ಷ ನಿಶ್ಚಿಂತೆ.

ಗ್ರಾಫಿಕ್ಸ್ ಕಾರ್ಡ್ ಹಾಕದ ಕಂಪ್ಯೂಟರ್‌ನಲ್ಲಿ ಚಿತ್ರ ಮೂಡಿಸುವ ಕೆಲಸವನ್ನೂ ಪ್ರೊಸೆಸರೇ ಮಾಡಬೇಕು. ಅದರೊಳಗೇ ಇರುವ ಗ್ರಾಫಿಕ್ಸ್‌ಗೆ ಇಂಟಿಗ್ರೇಟೆಡ್ ಗ್ರಾಫಿಕ್ಸ್ ಎಂದು ಹೆಸರು. ಇಲ್ಲೇ ಅಕ್ಷರಗಳ ವಿಷಯ ಬರುವುದು.

ಎಎಂಡಿ ಕಂಪನಿಯ ರೈಜನ್ 5 5600ಜಿ ಈ ಬಜೆಟ್ಟಿಗೆ ಬಹುಕಾಲದಿಂದ ನಂಬಿಕಸ್ಥ ಆಯ್ಕೆ. 2021ರಲ್ಲಿ ಬಂದದ್ದು, 6 ಕೋರ್, 12 ಥ್ರೆಡ್, 65 ವ್ಯಾಟ್, ಒಳಗೆ ಚೆನ್ನಾದ ಗ್ರಾಫಿಕ್ಸ್. ಹಳೆಯ ಆಟಗಳನ್ನೂ ವ್ಯಾಲರಂಟ್‌ನಂಥ ಹಗುರ ಆಟಗಳನ್ನೂ ಧಾರಾಳವಾಗಿ ಆಡಬಹುದು. 2024ರ ಆರಂಭದಲ್ಲಿ ಬಂದ 5600ಜಿಟಿಯೂ ಇದರ ಒಡಹುಟ್ಟಿದ್ದೇ. ಯಾವುದು ಅಗ್ಗವೋ ಅದನ್ನು ತೆಗೆದುಕೊಳ್ಳಿ. ಆದರೆ ಕೊನೆಯ 'ಜಿ' ಇಲ್ಲದ ಬರೀ 5600 ಅಥವಾ 5500 ಕೊಟ್ಟರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಮದರ್‌ಬೋರ್ಡಿನ ಹಿಂದೆ ಮಾನಿಟರ್ ಜೋಡಿಸುವ ಎಚ್‌ಡಿಎಂಐ ಕಿಂಡಿ ಇದ್ದರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಇಂಟೆಲ್‌ನಲ್ಲಿ ಇದು ತಲೆಕೆಳಗು. ಅಲ್ಲಿ 'ಎಫ್' ಅಕ್ಷರ ಇದ್ದರೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಐ3-12100ರಲ್ಲಿ ಇದೆ, ಐ3-12100ಎಫ್‌ನಲ್ಲಿ ಇಲ್ಲ. ಐ3-12100 ಪ್ರೊಸೆಸರ್ 4 ಕೋರ್, 8 ಥ್ರೆಡ್‌ನದು, 2022ರದ್ದು. ಆಫೀಸ್ ಮತ್ತು ಓದಿನ ಕೆಲಸಕ್ಕೆ ಬಹಳ ಚುರುಕು, ಆಟಕ್ಕೆ ಮಾತ್ರ 5600ಜಿಯಷ್ಟು ಒಳ್ಳೆಯದಲ್ಲ. ಇನ್ನೊಂದಿಷ್ಟು ಹಣವಿದ್ದರೆ 6 ಕೋರ್‌ನ ಐ5-12400.

ನನ್ನ ಸಲಹೆ ಸರಳ. ಮನೆಯಲ್ಲಿ ಆಟವಾಡುವ ಮಕ್ಕಳಿದ್ದರೆ 5600ಜಿ. ಬರೀ ಓದು, ಟ್ಯಾಲಿ, ಕಚೇರಿ ಕೆಲಸವಾದರೆ ಐ3-12100.

ಎಎಂಡಿಯ ಹೊಸ ಸಾಕೆಟ್ ಆದ ಎಎಂ5 ತೆಗೆದುಕೊಳ್ಳಬಾರದೇ ಎಂದು ಕೆಲವರು ಕೇಳುತ್ತಾರೆ. ಸಾಕೆಟ್ ಎಂದರೆ ಪ್ರೊಸೆಸರ್ ಕೂರುವ ಜಾಗ, ಸಾಕೆಟ್ ಹೊಂದದಿದ್ದರೆ ಪ್ರೊಸೆಸರ್ ಕೂರುವುದೇ ಇಲ್ಲ. 5600ಜಿ ಕೂರುವ ಎಎಂ4 ಹಳೆಯದಾಯಿತು, ಅದಕ್ಕೆ ಮುಂದೆ ದೊಡ್ಡ ಹೊಸ ಪ್ರೊಸೆಸರ್‌ಗಳನ್ನು ನಿರೀಕ್ಷಿಸುವಂತಿಲ್ಲ. ಎಎಂ5ಕ್ಕೆ 2027ರವರೆಗೂ ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಆದರೆ ಎಎಂ5ಕ್ಕೆ ಹೊಸ ಬಗೆಯ ಡಿಡಿಆರ್5 ರ‍್ಯಾಮ್ ಮಾತ್ರ ಹೊಂದುತ್ತದೆ, ಬೋರ್ಡೂ ದುಬಾರಿ. ಮೂರ್ನಾಲ್ಕು ವರ್ಷಕ್ಕೆ ಪ್ರೊಸೆಸರ್ ಬದಲಿಸುವ ಅಭ್ಯಾಸ ಇರುವವರಿಗೆ ಅದು ಸರಿ. ಒಮ್ಮೆ ಕೊಂಡು ಏಳೆಂಟು ವರ್ಷ ಬಳಸುವ ಮನೆಗಳಿಗೆ ಎಎಂ4 ಸಾಕು.

ಈ ಹಂತದ ದೊಡ್ಡ ಬಲೆ "ಐ7, 16 ಜಿಬಿ, ಹದಿನೈದೇ ಸಾವಿರ" ಎಂಬ ಜಾಹೀರಾತು. ಒಳಗೆ ಇರುವುದು ಬಹುತೇಕ 2011ರ ಐ7-2600 ಅಥವಾ 2012ರ ಐ7-3770, ಅದಕ್ಕೆ ಜೊತೆಯಾಗಿ ಹೆಸರೇ ಕೇಳದ ಕಂಪನಿಯ ಎಚ್61 ಬೋರ್ಡು. ಬೋರ್ಡ್ ಹೊಸದಾಗಿ ಹೊಳೆಯುತ್ತಿರುತ್ತದೆ, ಪ್ರೊಸೆಸರ್ ಮಾತ್ರ ಹತ್ತು ವರ್ಷಕ್ಕೂ ಹೆಚ್ಚು ದುಡಿದು ಬಂದಿರುತ್ತದೆ. ಇಂಟೆಲ್ ನಂಬರ್ ಓದುವ ರೀತಿ ಹೀಗೆ: ಅಡ್ಡಗೆರೆಯ ನಂತರ ನಾಲ್ಕು ಅಂಕಿ ಇದ್ದರೆ ಮೊದಲ ಅಂಕಿ ತಲೆಮಾರು, ಐದು ಅಂಕಿ ಇದ್ದರೆ ಮೊದಲ ಎರಡು. 2600 ಎಂದರೆ 2ನೇ ತಲೆಮಾರು, 12100 ಎಂದರೆ 12ನೆಯದು. ಇಂದಿನ ಐ3-12100ರ ಎದುರು ಆ ಹಳೆಯ ಐ7 ನಿಲ್ಲುವುದಿಲ್ಲ.

ಎರಡನೆಯ ಬಲೆ, 'ಎಫ್' ಪ್ರೊಸೆಸರ್ ಕೊಟ್ಟು ಜೊತೆಗೆ "2 ಜಿಬಿ ಗ್ರಾಫಿಕ್ಸ್ ಕಾರ್ಡ್ ಫ್ರೀ" ಎಂದು ಜಿಟಿ 610, ಜಿಟಿ 710ನಂಥ ಕಾರ್ಡ್ ಸೇರಿಸುವುದು. 5600ಜಿಯ ಒಳಗಿನ ಗ್ರಾಫಿಕ್ಸ್‌ಗಿಂತ ಅವು ದುರ್ಬಲ.

ಪ್ರೊಸೆಸರನ್ನು ಡಬ್ಬಿ ಸಮೇತ ಕೊಳ್ಳಿ. ಡಬ್ಬಿಯಲ್ಲಿ ಬಂದದ್ದಕ್ಕೆ ಕಂಪನಿಯ 3 ವರ್ಷದ ವಾರಂಟಿ ಇರುತ್ತದೆ, ಈ ಮಾದರಿಗಳ ಜೊತೆ ಫ್ಯಾನೂ ಬರುತ್ತದೆ. ಬಿಡಿಯಾಗಿ ಬರುವ 'ಟ್ರೇ' ಪ್ರೊಸೆಸರ್ ಕೆಲವು ನೂರು ಅಗ್ಗ, ಆದರೆ ಫ್ಯಾನ್ ಬೇರೆ ಕೊಳ್ಳಬೇಕು, ವಾರಂಟಿ ಅಂಗಡಿಯವರ ಮಾತಿನ ಮೇಲೆ.

ಹಂತ 4: ಮದರ್‌ಬೋರ್ಡ್

ಎಲ್ಲ ಭಾಗಗಳನ್ನೂ ಜೋಡಿಸುವ ಹಲಗೆ ಇದು. ಬೋರ್ಡಿನ ಹೆಸರಿನಲ್ಲಿ ಬರುವ ಎ520, ಎಚ್610 ಎಂಬವು ಅದರ ಚಿಪ್‌ಸೆಟ್, ಅಂದರೆ ಆ ಬೋರ್ಡಿಗೆ ಏನೇನು ಸೌಕರ್ಯ ಇದೆ ಎಂದು ತೀರ್ಮಾನಿಸುವ ಚಿಪ್.

5600ಜಿಗೆ ಎ520 ಸಾಕು. ಬಿ550 ಬೋರ್ಡಿನಲ್ಲಿ ಸಾಮಾನ್ಯವಾಗಿ ಹೆಚ್ಚು ಕಿಂಡಿಗಳಿರುತ್ತವೆ, ಹೆಚ್ಚು ಎಸ್‌ಎಸ್‌ಡಿ ಹಾಕಬಹುದು, ದರ ವ್ಯತ್ಯಾಸ ಕಡಿಮೆ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಬಿ450 ಬೋರ್ಡ್ ಹಳೆಯ ಸ್ಟಾಕ್ ಆಗಿದ್ದರೆ ಬಯಾಸ್ ಅಪ್‌ಡೇಟ್ ಮಾಡದೆ 5600ಜಿಯನ್ನು ಗುರುತಿಸುವುದಿಲ್ಲ. ಬಯಾಸ್ ಎಂದರೆ ಬೋರ್ಡಿನೊಳಗೇ ಇರುವ, ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ತಂತ್ರಾಂಶ. "ಈ ಪ್ರೊಸೆಸರ್‌ಗೆ ಬಯಾಸ್ ರೆಡಿ ಇದೆಯಾ?" ಎಂದು ಕೇಳಿಯೇ ಕೊಳ್ಳಿ.

ಐ3-12100 ಅಥವಾ ಐ5-12400ಕ್ಕೆ ಎಚ್610. ಇದರಲ್ಲಿ ಡಿಡಿಆರ್4 ರ‍್ಯಾಮಿನದೂ ಇದೆ, ಡಿಡಿಆರ್5 ರ‍್ಯಾಮಿನದೂ ಇದೆ. ಎರಡರ ಕಚ್ಚುಗಳೇ ಬೇರೆ, ಒಂದರಲ್ಲಿ ಇನ್ನೊಂದು ಕೂರುವುದಿಲ್ಲ. ಬಹಳಷ್ಟು ಕಂಪನಿಗಳು ಮಾಡೆಲ್ ಹೆಸರಿನ ಕೊನೆಗೆ 'ಡಿ4' ಅಥವಾ 'ಡಿಡಿಆರ್4' ಎಂದು ಸೇರಿಸುತ್ತವೆ. ಬೋರ್ಡ್ ಒಂದು ಕಡೆ, ರ‍್ಯಾಮ್ ಇನ್ನೊಂದು ಕಡೆ ಆರ್ಡರ್ ಮಾಡುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಅಗ್ಗದ ಬೋರ್ಡ್‌ಗಳಲ್ಲಿ ವೈಫೈ, ಬ್ಲೂಟೂತ್ ಇರುವುದಿಲ್ಲ. ರೂಟರ್ ಪಕ್ಕದಲ್ಲೇ ಇದ್ದರೆ ಲ್ಯಾನ್ ಕೇಬಲ್ ಎಳೆಯಿರಿ, ಅದಕ್ಕಿಂತ ಸ್ಥಿರವಾದದ್ದು ಇಲ್ಲ. ದೂರವಿದ್ದರೆ ಯುಎಸ್‌ಬಿ ವೈಫೈ ಡಾಂಗಲ್‌ನ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ.

ಹಂತ 5: ರ‍್ಯಾಮ್

ತೆರೆದಿಟ್ಟ ಕೆಲಸಗಳು ಕೂರುವ ತಾತ್ಕಾಲಿಕ ಜಾಗ ಇದು. ಇವತ್ತಿನ ಬ್ರೌಸರ್‌ಗಳಿಗೆ 16 ಜಿಬಿ ಇದ್ದರೆ ನೆಮ್ಮದಿ. ಅದನ್ನು 8 ಜಿಬಿಯ ಎರಡು ಕಡ್ಡಿಗಳಾಗಿ ತೆಗೆದುಕೊಳ್ಳಿ. ಎರಡು ಕಡ್ಡಿ ಇದ್ದಾಗ ಪ್ರೊಸೆಸರ್ ಎರಡೂ ಕಡೆಯಿಂದ ಒಟ್ಟಿಗೆ ಮಾಹಿತಿ ಎಳೆಯುತ್ತದೆ, ಇದಕ್ಕೆ ಡ್ಯುಯಲ್ ಚಾನೆಲ್ ಎನ್ನುತ್ತಾರೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ಈ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಆದ್ದರಿಂದ 5600ಜಿಯಲ್ಲಿ ಒಂದೇ ಕಡ್ಡಿ ಹಾಕಿದರೆ ಆಟಗಳು ಎದ್ದು ಕಾಣುವಷ್ಟು ನಿಧಾನವಾಗುತ್ತವೆ. ಬರೀ ಟ್ಯಾಲಿ, ಬ್ರೌಸಿಂಗ್ ಆದರೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ.

ಬೆಲೆ ಕೈಗೆಟುಕದಿದ್ದರೆ ಈಗ ಒಂದು 8 ಜಿಬಿ ಕಡ್ಡಿ ಹಾಕಿ, ಆರು ತಿಂಗಳ ನಂತರ ಅದೇ ಮಾಡೆಲಿನ ಇನ್ನೊಂದು ಸೇರಿಸಿ. ಇದಕ್ಕಾಗಿ ಎಸ್‌ಎಂಪಿಎಸ್‌ನ ಹಣಕ್ಕೆ ಕೈ ಹಾಕುವುದಕ್ಕಿಂತ ಕಾಯುವುದು ಮೇಲು.

ಡಿಡಿಆರ್4 ಆದರೆ 3200ರ ವೇಗ ಸಾಕು. ಅದಕ್ಕಿಂತ ವೇಗದ್ದು, ಬಣ್ಣದ ದೀಪಗಳದ್ದು ಬೇಡ. ಒಂದು ವಿಷಯ ಮಾತ್ರ ನೆನಪಿರಲಿ: ಕೆಲವು ರ‍್ಯಾಮ್ ಕಡ್ಡಿಗಳು 3200 ಎಂದು ಬರೆದಿದ್ದರೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಎಂಬ ಆಯ್ಕೆಯನ್ನು ಆನ್ ಮಾಡುವವರೆಗೆ 2400 ಅಥವಾ 2666ರಲ್ಲೇ ಓಡುತ್ತಿರುತ್ತವೆ. ಜೋಡಿಸಿಕೊಟ್ಟವರು ಇದನ್ನು ಮಾಡಿದ್ದಾರೆಯೇ ಎಂದು ನೋಡಿ.

ಹಂತ 6: ಎಸ್‌ಎಸ್‌ಡಿ

ಕಡತಗಳನ್ನು ಉಳಿಸಿಡುವ ಜಾಗ. ತಿರುಗುವ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ವಿಂಡೋಸ್ ಹಾಕುವ ಕಾಲ ಮುಗಿಯಿತು. 500 ಅಥವಾ 512 ಜಿಬಿಯ, ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿ ತೆಗೆದುಕೊಳ್ಳಿ. ಹಳೆಯ ಸಾಟಾ ಬಗೆಯ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಜೆನ್3 (ಮೂರನೇ ತಲೆಮಾರಿನ) ಎನ್‌ವಿಎಂಇ 3,500 ಎಂಬಿವರೆಗೂ ಓದುತ್ತದೆ. 7,000 ಎಂಬಿಯ ಜೆನ್4 ಎಂದು ಆಸೆ ಹುಟ್ಟಿಸಿದರೆ ಬೇಡ ಎನ್ನಿ. 5600ಜಿ ಇರುವುದೇ ಜೆನ್3ಗೆ, ಹೆಚ್ಚು ಕೊಟ್ಟರೂ ಆ ವೇಗ ಸಿಗುವುದಿಲ್ಲ.

ಎಂ.2 ಎಂಬುದು ಚ್ಯೂಯಿಂಗ್ ಗಮ್ ಪಟ್ಟಿಯಂಥ ಆ ಆಕಾರದ ಹೆಸರು. ಅದೇ ಆಕಾರದಲ್ಲಿ ನಿಧಾನದ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, ಕೆಲವು ಬೋರ್ಡ್‌ಗಳ ಕಿಂಡಿ ಅದನ್ನು ಒಪ್ಪುವುದೂ ಇಲ್ಲ. ಬಿಲ್‌ನಲ್ಲಿ "ಎಂ.2" ಎಂದಷ್ಟೇ ಸಾಲದು, "ಎನ್‌ವಿಎಂಇ" ಎಂದೂ ಇರಲಿ. ವಿವರಪಟ್ಟಿಯಲ್ಲಿ ಟಿಎಲ್‌ಸಿ, ಕ್ಯುಎಲ್‌ಸಿ ಎಂದಿದ್ದರೆ ಟಿಎಲ್‌ಸಿ ಆರಿಸಿ. ಒಂದೊಂದು ಕೋಶದಲ್ಲಿ ಎಷ್ಟು ಬಿಟ್ ತುರುಕಿದ್ದಾರೆ ಎಂಬುದರ ಗುರುತು ಅದು, ಮೂರು ಬಿಟ್ಟಿನ ಟಿಎಲ್‌ಸಿ ಹೆಚ್ಚು ಬಾಳುತ್ತದೆ. ಆನ್‌ಲೈನ್‌ನಲ್ಲಿ ನಂಬಲಾಗದ ಬೆಲೆಗೆ 2 ಟಿಬಿ, 4 ಟಿಬಿ ಎಂದು ಮಾರುವ ಹೆಸರಿಲ್ಲದ ಡ್ರೈವ್‌ಗಳನ್ನು ಮುಟ್ಟಬೇಡಿ. ಒಳಗಿನ ಚಿಪ್ ಸಣ್ಣದಿರುತ್ತದೆ, ಜಾಗ ಮುಗಿದ ಮೇಲೂ ಬರೆದಂತೆ ತೋರಿಸುತ್ತ ನಿಮ್ಮ ಫೋಟೋಗಳನ್ನು ನುಂಗಿಬಿಡುತ್ತದೆ.

ಹಂತ 7: ಎಸ್‌ಎಂಪಿಎಸ್ ಮತ್ತು ಮನೆಯ ಕರೆಂಟು

ಎಲ್ಲಕ್ಕಿಂತ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವ ಭಾಗ ಇದು, ನನಗೆ ಎಲ್ಲಕ್ಕಿಂತ ಕಾಳಜಿ ಇರುವ ಭಾಗವೂ ಇದೇ. ಗೋಡೆಯ 230 ವೋಲ್ಟನ್ನು ಕಂಪ್ಯೂಟರಿಗೆ ಬೇಕಾದ 12, 5, 3.3 ವೋಲ್ಟಿಗೆ ಇಳಿಸಿಕೊಡುವ ಪೆಟ್ಟಿಗೆ ಎಸ್‌ಎಂಪಿಎಸ್. ಮಿಕ್ಕ ಯಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ಅದೊಂದೇ ಕೆಡುತ್ತದೆ. ಇದು ಕೆಟ್ಟ ರೀತಿಯಲ್ಲಿ ಕೆಟ್ಟರೆ ಬೋರ್ಡ್, ಪ್ರೊಸೆಸರ್, ಎಸ್‌ಎಸ್‌ಡಿಯನ್ನೂ ಜೊತೆಗೆ ಒಯ್ಯಬಹುದು.

"ಕ್ಯಾಬಿನೆಟ್ ಜೊತೆ 450 ವ್ಯಾಟ್ ಎಸ್‌ಎಂಪಿಎಸ್ ಉಚಿತ" ಎಂದಾಗ ಆ ಪೆಟ್ಟಿಗೆಯ ಮೇಲಿನ ಚೀಟಿ ಓದಿ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಎಳೆಯುವುದು 12 ವೋಲ್ಟಿನಿಂದ. ಅದರ ಎದುರು ಎಷ್ಟು ಆಂಪಿಯರ್ ಬರೆದಿದೆ ನೋಡಿ, 12ರಿಂದ ಗುಣಿಸಿ. ನಿಜವಾದ 450 ವ್ಯಾಟಿನದರಲ್ಲಿ 36 ಆಂಪಿಯರ್‌ನ ಆಸುಪಾಸು ಇರುತ್ತದೆ, ಅಂದರೆ 432 ವ್ಯಾಟ್. 16 ಆಂಪಿಯರ್ ಎಂದಿದ್ದರೆ ಸಿಗುವುದು 192 ವ್ಯಾಟ್ ಮಾತ್ರ. ಹೊರಗೆ ದೊಡ್ಡದಾಗಿ ಬರೆದ 450 ಬರೀ ಬರಹ. ಕೈಯಲ್ಲಿ ಎತ್ತಿದರೂ ಹಗುರ ಎನಿಸುತ್ತದೆ.

ನಿಮಗೆ ಬೇಕಾದದ್ದು 450 ವ್ಯಾಟಿನ, 80 ಪ್ಲಸ್ ಗುರುತಿರುವ, ಕನಿಷ್ಠ 3 ವರ್ಷ ವಾರಂಟಿ ಇರುವ ಹೆಸರಾಂತ ಕಂಪನಿಯದು. 80 ಪ್ಲಸ್ ಎಂದರೆ ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಕನಿಷ್ಠ ಶೇ. 80ರಷ್ಟು ಕಂಪ್ಯೂಟರಿಗೆ ತಲುಪುತ್ತದೆ ಎಂಬ ಪ್ರಮಾಣಪತ್ರ, ಬ್ರಾಂಜ್ ಅದಕ್ಕಿಂತ ಒಂದು ಮೆಟ್ಟಿಲು ಮೇಲು. ಗ್ರಾಫಿಕ್ಸ್ ಕಾರ್ಡ್ ಇಲ್ಲದ 5600ಜಿ ಕಂಪ್ಯೂಟರ್‌ಗೆ 450 ವ್ಯಾಟ್ ಧಾರಾಳ. ಮುಂದೆ ಕಾರ್ಡ್ ಹಾಕುವ ಯೋಚನೆ ಇದ್ದರೆ ಈಗಲೇ 550 ವ್ಯಾಟ್ ತೆಗೆದುಕೊಳ್ಳಿ. ಆರ್‌ಎಕ್ಸ್ 6600 ಕಾರ್ಡ್ ಒಂದೇ 132 ವ್ಯಾಟ್ ತಿನ್ನುತ್ತದೆ.

ಇನ್ನು ಮನೆಯ ಕರೆಂಟು. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಎನ್ನುತ್ತಿದೆ ಎಂದು ದೂರುವವರು ಬಹಳ. ಹೆಚ್ಚಿನ ಸಲ ಕಾರಣ ಪ್ಲಗ್‌ಗೆ ಅರ್ಥಿಂಗ್ ಇಲ್ಲದಿರುವುದು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಸೋರುವ ಸಣ್ಣ ಕರೆಂಟು ಅರ್ಥ್ ತಂತಿಯ ಮೂಲಕ ನೆಲಕ್ಕೆ ಹೋಗಬೇಕು, ದಾರಿ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸಿ, ಎರಡು ಪಿನ್ನಿನ ಅಡಾಪ್ಟರ್ ಹಾಕಿ ಸುಮ್ಮನಾಗಬೇಡಿ. ಮಲೆನಾಡು, ಕರಾವಳಿಯವರು ಗುಡುಗು-ಸಿಡಿಲಿನ ಹೊತ್ತಿನಲ್ಲಿ ಪ್ಲಗ್ಗನ್ನೂ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ. ಲ್ಯಾನ್ ದಾರಿಯಲ್ಲಿ ಬಂದ ಸಿಡಿಲಿಗೂ ಬೋರ್ಡ್ ಸುಡುತ್ತದೆ.

600 ವಿಎ ಯುಪಿಎಸ್ ಒಂದು ಇರಲಿ. ಅದು ಸುಮಾರು 360 ವ್ಯಾಟ್ ಕೊಡುತ್ತದೆ, ಕೆಲಸ ಉಳಿಸಿ ಶಟ್‌ಡೌನ್ ಮಾಡುವಷ್ಟು ನಿಮಿಷ ಸಿಗುತ್ತದೆ. ಲೇಸರ್ ಪ್ರಿಂಟರನ್ನು ಅದಕ್ಕೆ ಜೋಡಿಸಬೇಡಿ. ಮನೆಯಲ್ಲಿ ಆಗಲೇ ಸೈನ್ ವೇವ್ ಇನ್ವರ್ಟರ್ ಇದ್ದರೆ ಅದರಲ್ಲಿ 'ಯುಪಿಎಸ್ ಮೋಡ್' ಗುಂಡಿ ಇದೆಯೇ ನೋಡಿ. ಆ ಮೋಡ್‌ನಲ್ಲಿ ಕರೆಂಟು ಹೋದಾಗ ಬೇಗ ಬದಲಾಗುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುವುದಿಲ್ಲ. ಆಗ ಬೇರೆ ಯುಪಿಎಸ್ ಕೊಳ್ಳುವ ಅಗತ್ಯ ಬಾರದಿರಬಹುದು.

ಹಂತ 8: ಕ್ಯಾಬಿನೆಟ್

ಮುಂಭಾಗ ಜಾಲರಿಯಾಗಿರಲಿ, ಧೂಳು ತಡೆಯುವ ತೆಗೆದು ತೊಳೆಯಬಹುದಾದ ಫಿಲ್ಟರ್ ಇರಲಿ, ಕನಿಷ್ಠ ಒಂದೆರಡು ಫ್ಯಾನ್ ಇರಲಿ. ಎ520, ಎಚ್610 ಬೋರ್ಡ್‌ಗಳು ಹೆಚ್ಚಾಗಿ ಮೈಕ್ರೊ ಎಟಿಎಕ್ಸ್ ಅಳತೆಯವು, ಅದಕ್ಕೆ ಹೊಂದುವುದನ್ನು ಕೇಳಿ. ಮುಂದೆ ಪೂರ್ತಿ ಗಾಜು ಮುಚ್ಚಿದ್ದರೆ ಗಾಳಿ ಆಡುವುದಿಲ್ಲ, ನಮ್ಮ ಬೇಸಿಗೆಗೆ ಅದು ಸರಿಹೋಗದು.

ಹಂತ 9: ಮಾನಿಟರ್

22ರಿಂದ 24 ಇಂಚಿನ, 1920×1080 ಚುಕ್ಕೆಗಳ, ಐಪಿಎಸ್ ಪರದೆ. ಐಪಿಎಸ್ ಎಂದರೆ ಯಾವ ಕೋನದಿಂದ ನೋಡಿದರೂ ಬಣ್ಣ ಕೆಡದ ಬಗೆ. ದುಡ್ಡು ಉಳಿಸಲು 1366×768ರ 19 ಇಂಚಿನ ಪರದೆ ಕೊಳ್ಳಬೇಡಿ. ಇಂಗ್ಲಿಷ್ ಅಕ್ಷರ ಅದರಲ್ಲಿ ಹೇಗೋ ಓದಿಸಿಕೊಳ್ಳುತ್ತದೆ, ಕನ್ನಡದ ಒತ್ತಕ್ಷರಗಳು ಸಣ್ಣ ಫಾಂಟ್‌ನಲ್ಲಿ ಕಲಸಿಹೋಗುತ್ತವೆ. ದಿನವಿಡೀ ಕನ್ನಡ ಟೈಪ್ ಮಾಡುವವರಿಗೆ ಇದು ಕಣ್ಣಿನ ಪ್ರಶ್ನೆ. ಎಚ್‌ಡಿಎಂಐ ಕಿಂಡಿ ಇರುವುದನ್ನು ಖಚಿತಪಡಿಸಿಕೊಳ್ಳಿ, ತೀರ ಅಗ್ಗದ ಕೆಲವಕ್ಕೆ ಹಳೆಯ ವಿಜಿಎ ಮಾತ್ರ ಇರುತ್ತದೆ. ಟಿವಿಯನ್ನೇ ಬಳಸುತ್ತೇವೆ ಎನ್ನುವವರು ಕೆಲವು ದಿನಕ್ಕೆ ಹಾಗೆ ಮಾಡಬಹುದು, ಆದರೆ ಹತ್ತಿರ ಕೂತು ಓದುವಾಗ ಬಹಳಷ್ಟು ಟಿವಿಗಳಲ್ಲಿ ಅಕ್ಷರದ ಅಂಚು ಮಸುಕಾಗಿರುತ್ತದೆ.

ಹಂತ 10: ವಿಂಡೋಸ್ ಅಥವಾ ಲಿನಕ್ಸ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಕರ್ಯ ಬೇಕು. ಮೇಲೆ ಹೇಳಿದ ಹೊಸ ಪ್ರೊಸೆಸರ್‌ಗಳೆಲ್ಲದರಲ್ಲೂ ಅದು ಇದೆ, ಬಯಾಸ್‌ನಲ್ಲಿ ಆನ್ ಆಗಿರಬೇಕಷ್ಟೆ. ಅಂಗಡಿಯಲ್ಲಿ ಹಾಕಿಕೊಡುವ ಕಳ್ಳ ಪ್ರತಿಯನ್ನು ಒಪ್ಪಿಕೊಳ್ಳಬೇಡಿ. ಅದನ್ನು ಸಕ್ರಿಯಗೊಳಿಸಲು ಬಳಸುವ ತಂತ್ರಾಂಶಗಳ ಜೊತೆ ಏನೇನು ಒಳಗೆ ಬರುತ್ತದೆಂದು ಹೇಳಲಾಗದು, ಅದೇ ಕಂಪ್ಯೂಟರಿನಲ್ಲಿ ನೀವು ಬ್ಯಾಂಕ್ ವ್ಯವಹಾರ ಮಾಡುತ್ತೀರಿ.

ಟ್ಯಾಲಿ ಬೇಕಾದರೆ ವಿಂಡೋಸ್‌ನ ಖರ್ಚನ್ನು ಬಜೆಟ್ಟಿಗೆ ಸೇರಿಸಿ. ಬೇಡವಾದರೆ ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಮಿಂಟ್ ಉಚಿತ. ಅದರಲ್ಲಿ ಬರಹಕ್ಕೂ ಲೆಕ್ಕದ ಹಾಳೆಗೂ ಬೇಕಾದ ಲಿಬ್ರೆ ಆಫೀಸ್ ಮೊದಲೇ ಇರುತ್ತದೆ. ನುಡಿಯ ಕಗಪ ವಿನ್ಯಾಸದಲ್ಲೇ ಟೈಪ್ ಮಾಡುವ ಸೌಕರ್ಯವನ್ನು ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಮೂಲಕ ಹಾಕಿಕೊಳ್ಳಬಹುದು, ಕೈಗೆ ಕೂತ ಅಭ್ಯಾಸ ಬದಲಿಸಬೇಕಿಲ್ಲ.

ಹಂತ 11: ಖರೀದಿ

ಈಗ ಪ್ರತಿ ಭಾಗದ ಪೂರ್ತಿ ಮಾಡೆಲ್ ನಂಬರ್ ಇರುವ ಪಟ್ಟಿ ನಿಮ್ಮಲ್ಲಿದೆ. ಬೆಂಗಳೂರಿನವರು ಸದರ್ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರೋಡಿನಲ್ಲಿ ಮೂರ್ನಾಲ್ಕು ಅಂಗಡಿಗಳಿಗೆ ಇದೇ ಪಟ್ಟಿ ಕೊಟ್ಟು ದರ ಬರೆಸಿಕೊಳ್ಳಿ, ನಂತರ ಆನ್‌ಲೈನ್ ದರದೊಂದಿಗೆ ಹೋಲಿಸಿ. ಬೇರೆ ಊರಿನವರು ಭಾಗಗಳನ್ನು ಆನ್‌ಲೈನ್‌ನಲ್ಲಿ ತರಿಸಿ ಸ್ಥಳೀಯ ತಂತ್ರಜ್ಞರಿಂದ ಜೋಡಿಸಿಕೊಳ್ಳಬಹುದು, ಅದಕ್ಕೆ ಕೂಲಿ ಮೊದಲೇ ಮಾತಾಡಿಕೊಳ್ಳಿ.

"ಅದು ಸ್ಟಾಕ್ ಇಲ್ಲ ಸರ್, ಇದೂ ಅದೇ ಥರದ್ದು" ಎಂಬ ಮಾತು ಕೊನೆಯ ಗಳಿಗೆಯಲ್ಲಿ ಬಂದೇ ಬರುತ್ತದೆ. ರ‍್ಯಾಮ್ ಅಥವಾ ಕ್ಯಾಬಿನೆಟ್ ವಿಷಯದಲ್ಲಾದರೆ ಒಪ್ಪಿಕೊಳ್ಳಬಹುದು. ಪ್ರೊಸೆಸರ್, ಬೋರ್ಡ್, ಎಸ್‌ಎಂಪಿಎಸ್ ವಿಷಯದಲ್ಲಿ ಅಲ್ಲೇ ನಿಂತು ಫೋನ್‌ನಲ್ಲಿ ಆ ಮಾಡೆಲಿನ ವಿವರ ಓದದೆ ಹೂಂ ಅನ್ನಬೇಡಿ.

"ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ಕೊಡ್ತೀವಿ" ಎಂಬುದು ಇನ್ನೊಂದು. ಬಿಡಿಭಾಗಗಳ ಮೇಲೆ ಶೇ. 18 ಜಿಎಸ್‌ಟಿ ಇರುವುದರಿಂದ ಉಳಿತಾಯ ದೊಡ್ಡದಾಗಿ ಕಾಣುತ್ತದೆ. ಆದರೆ ಬಿಲ್ ಇಲ್ಲದ ಭಾಗ ಕೆಟ್ಟರೆ ಸರ್ವಿಸ್ ಸೆಂಟರ್ ಬಾಗಿಲಲ್ಲೇ ವಾಪಸ್. ಜಿಎಸ್‌ಟಿ ಬಿಲ್‌ನಲ್ಲಿ ಪ್ರತಿ ಭಾಗದ ಮಾಡೆಲ್ ನಂಬರ್ ಜೊತೆ ಸೀರಿಯಲ್ ನಂಬರೂ ಬರೆಸಿ, ಡಬ್ಬಿಯ ಮೇಲಿನದಕ್ಕೂ ಭಾಗದ ಮೇಲಿನದಕ್ಕೂ ತಾಳೆ ನೋಡಿ.

ಹಂತ 12: ಮೊದಲ ವಾರದ ಪರೀಕ್ಷೆ

ಅಂಗಡಿಯಲ್ಲೇ ಒಮ್ಮೆ ಆನ್ ಮಾಡಿಸಿ, ಬಯಾಸ್ ಪುಟದಲ್ಲಿ ಪ್ರೊಸೆಸರ್ ಹೆಸರು, ರ‍್ಯಾಮ್ ಗಾತ್ರ ಮತ್ತು ವೇಗ ನೋಡಿ, ಫೋಟೋ ತೆಗೆದುಕೊಳ್ಳಿ. ಮನೆಗೆ ಬಂದ ಮೇಲೆ ಮೂರು ಉಚಿತ ತಂತ್ರಾಂಶಗಳು ಸಾಕು. ಸಿಪಿಯು-ಝಡ್‌ನಲ್ಲಿ ಪ್ರೊಸೆಸರ್ ಮಾಡೆಲ್ ಮತ್ತು ರ‍್ಯಾಮ್ ಡ್ಯುಯಲ್ ಚಾನೆಲ್‌ನಲ್ಲಿದೆಯೇ ಎಂಬುದು ತಿಳಿಯುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೊದಲ್ಲಿ ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ಎಂದು ತೋರಿಸುತ್ತದೆ. ಹೊಸದೆಂದು ಕೊಟ್ಟದ್ದರಲ್ಲಿ ಸಾವಿರಾರು ಗಂಟೆ ಇದ್ದರೆ ಅದು ಬಳಸಿದ ಮಾಲು, ಅಂದೇ ಹಿಂತಿರುಗಿಸಿ. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ಒಂದು ರಾತ್ರಿ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ ರ‍್ಯಾಮ್ ಬದಲಿಸಲು ಕೇಳಿ. ಇವನ್ನೆಲ್ಲ ವಾಪಸಾತಿಯ ಅವಧಿ ಮುಗಿಯುವ ಮೊದಲೇ ಮುಗಿಸಿ, ಆಮೇಲಾದರೆ ವಾರಂಟಿಗೆ ಕಳಿಸಿ ವಾರಗಟ್ಟಲೆ ಕಾಯಬೇಕು.

ಡಬ್ಬಿಗಳನ್ನೂ ಬಿಲ್ಲನ್ನೂ ಅಟ್ಟದ ಮೇಲೆ ಜೋಪಾನವಾಗಿಡಿ. ಇಂಟೆಲ್ ಬೋರ್ಡ್ ಕೊಂಡಿದ್ದರೆ ಸಾಕೆಟ್ ಮೇಲೆ ಮುಚ್ಚಿ ಬರುವ ಪುಟ್ಟ ಪ್ಲಾಸ್ಟಿಕ್ ಮುಚ್ಚಳವನ್ನೂ ಅದೇ ಡಬ್ಬಿಯಲ್ಲಿ ಹಾಕಿಡಿ. ಬೋರ್ಡನ್ನು ರಿಪೇರಿಗೆ ಕಳಿಸುವಾಗ ಆ ಮುಚ್ಚಳ ಇಲ್ಲದೆ ಪಿನ್ ಬಾಗಿದರೆ ವಾರಂಟಿ ಸಿಗುವುದಿಲ್ಲ.